ನೇಣಿಗೇರಿದ ಪಾದ್ರಿ ವಿಲಿಯಂ ಡಾಡ್: ಮುಕ್ಕಾಲು ಗಂಟೆಯ ಉಪನ್ಯಾಸ ಕಟ್ಟುವ ಬಗೆ

ಕೋಲಾರದ ಕಾಲೇಜುಗಳ ಇಂಗ್ಲಿಷ್ ವಿಭಾಗವಿರಲಿ, ತಾಲ್ಲೂಕು ಮಟ್ಟದ ದತ್ತಿ ಕಾರ್ಯಕ್ರಮವಿರಲಿ, ವಕೀಲರ ಸಂಘದ ಶನಿವಾರದ ಮಾತುಕತೆಯಿರಲಿ, ವಿಲಿಯಂ ಡಾಡ್‌ನ ಬದುಕು ಉಪನ್ಯಾಸಕ್ಕೆ ಹೇಳಿ ಮಾಡಿಸಿದ ವಸ್ತು. 18ನೇ ಶತಮಾನದ ಲಂಡನ್ನಿನಲ್ಲಿ ಜನ ಮುಗಿಬಿದ್ದು ಕೇಳುತ್ತಿದ್ದ ಪ್ರವಚನಕಾರ, ರಾಜನ ಪಾದ್ರಿಗಳ ಪಟ್ಟಿಯಲ್ಲಿದ್ದವನು, ಹತ್ತಾರು ಪುಸ್ತಕ ಬರೆದವನು, ಬೇರೊಬ್ಬನ ಸುಳ್ಳು ಸಹಿಯ ಸಾಲಪತ್ರ ಸೃಷ್ಟಿಸಿ ಫೋರ್ಜರಿ ಮಾಡಿದ್ದಕ್ಕೆ 1777ರ ಜೂನ್ 27ರಂದು ಟೈಬರ್ನ್‌ನಲ್ಲಿ ನೇಣಿಗೇರಿದ. ಇಷ್ಟು ಹೇಳಿದರೆ ಸಾಕು, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಕೆಡುವುದು ಅಲ್ಲಿಂದ ಮುಂದೆ. ಕೆಲವರು ಡಾಡ್‌ನನ್ನು ಹುಟ್ಟಿನಿಂದಲೇ ಠಕ್ಕನ ಹಾಗೆ ಚಿತ್ರಿಸುತ್ತಾರೆ. ಅವನು ತೊಟ್ಟ ರೇಷ್ಮೆ ಅಂಗಿ, ಬೆರಳಿನ ಉಂಗುರ ಎಲ್ಲವೂ ನೇಣಿನ ಕಡೆಗೆ ಕೈ ತೋರಿಸುತ್ತವೆ. ಇನ್ನು ಕೆಲವರು ನೇಣು ಕಂಡು ಕರಗಿ ಅವನನ್ನು ಹುತಾತ್ಮ ಮಾಡಿಬಿಡುತ್ತಾರೆ. ಎರಡರಿಂದಲೂ ತಪ್ಪಿಸಿಕೊಳ್ಳುವ ದಾರಿ ಒಂದೇ: ಉಪನ್ಯಾಸದ ನಡುಮಧ್ಯದಲ್ಲಿ ಅವನು ಬರೆದ ಆ ಸಾಲಪತ್ರವನ್ನೇ ಇಟ್ಟು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ತೋರಿಸುವುದು. ಕಾಗದದ ಹಾದಿ ಸರಿಯಾಗಿ ಹೇಳಿದರೆ ಡಾಡ್ ಎಂಥವನು ಎಂಬ ತೀರ್ಮಾನ ಸಭೆಯೇ ಮಾಡಿಕೊಳ್ಳುತ್ತದೆ.

ಸಮಯ ಮತ್ತು ಸರಕು

ಸಭೆಯಲ್ಲಿ ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ತೊಂಬತ್ತರಿಂದ ನೂರು ಪದ ಹೋಗುತ್ತದೆ. 45 ನಿಮಿಷಕ್ಕೆಂದು ನಾಲ್ಕು ಸಾವಿರ ಪದ ಬರೆದುಕೊಂಡು ಬಂದವರು ಕೊನೆಗೆ ಕಾಗದ ನೋಡಿ ಓದುವ ಪಾಡಿಗೆ ಬರುತ್ತಾರೆ. ಮೂರು ಸಾವಿರ ಸಾಕು. ಉಳಿದದ್ದು ಬೋರ್ಡಿನ ಮೇಲೆ ಬರೆಯುವುದಕ್ಕೆ, ನಗುವುದಕ್ಕೆ, ಮೈಕ್ ಕೈಕೊಡುವುದಕ್ಕೆ ಬೇಕಾಗುತ್ತದೆ. ಹುಟ್ಟಿನಿಂದ 1773ರವರೆಗೆ 12 ನಿಮಿಷ, 1774ರ ಲಂಚದ ಪತ್ರಕ್ಕೆ 5, ಬಾಂಡಿಗೆ (ಆ ಸಾಲಪತ್ರಕ್ಕೆ) 12, ವಿಚಾರಣೆ ಮತ್ತು ಕ್ಷಮಾದಾನದ ಅರ್ಜಿಗೆ 8, ಜೈಲಿಗೆ 5, ನೇಣಿಗೆ 3. ನೇಣಿಗೆ ಮೂರೇ ನಿಮಿಷವೇ ಎಂದು ಹುಬ್ಬೇರಿಸಬೇಡಿ. ಅದಕ್ಕೆ ಹತ್ತು ನಿಮಿಷ ಕೊಟ್ಟರೆ ಮನೆಗೆ ಹೋದ ಮೇಲೆ ಜನರಿಗೆ ನೆನಪಿರುವುದು ಹಗ್ಗ ಒಂದೇ.

ಆಕರಗಳಿಗೆ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲನೆಯದು ಓಲ್ಡ್ ಬೇಲಿ ನ್ಯಾಯಾಲಯದ ಮುದ್ರಿತ ವರದಿ. 1674ರಿಂದ 1913ರವರೆಗಿನ ಇಂಥ ವರದಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 1777ರ ಫೆಬ್ರವರಿ ಅಧಿವೇಶನದಲ್ಲಿ ಡಾಡ್‌ನ ಹೆಸರು ಹುಡುಕಿ. ಯಾರು ಏನು ಕಂಡರು, ಯಾರು ಯಾವ ಕಾಗದ ಮುಟ್ಟಿದರು ಎಂಬುದೆಲ್ಲ ಸಾಕ್ಷಿಗಳ ಬಾಯಲ್ಲೇ ಇದೆ. ಎರಡನೆಯದು ಆ ಕಾಲದ ಹೆಸರಾಂತ ಲೇಖಕ, ನಿಘಂಟುಕಾರ ಸ್ಯಾಮುಯೆಲ್ ಜಾನ್ಸನ್ ಈ ವಿಚಾರವಾಗಿ ಬರೆದ ಪತ್ರಗಳು. ಮೂರನೆಯದು 1791ರಲ್ಲಿ ಬಂದ ಬಾಸ್ವೆಲ್‌ನ ಜಾನ್ಸನ್ ಜೀವನಚರಿತ್ರೆ. ಅಪರಾಧಿಗಳ ಕಥೆಗಳನ್ನು ಒಟ್ಟು ಮಾಡಿ ಮಾರುತ್ತಿದ್ದ ನ್ಯೂಗೇಟ್ ಕ್ಯಾಲೆಂಡರಿನಂಥವು ಕೊನೆಗೆ. ಓದುವುದಕ್ಕೆ ಮಜವಾಗಿರುತ್ತವೆ, ಆದರೆ ಪ್ರತಿ ಪುಟಕ್ಕೂ ಬುದ್ಧಿವಾದ ಅಂಟಿಸಿರುತ್ತಾರೆ. ಅದನ್ನು ಹೆಚ್ಚು ಓದಿಕೊಂಡು ಬಂದ ಭಾಷಣಕಾರನ ದನಿಗೂ ಅದೇ ಅಂಟಿಕೊಳ್ಳುತ್ತದೆ.

ಇನ್ನೊಂದು ನಿರ್ಧಾರ ಬರೆಯಲು ಕೂರುವ ಮೊದಲೇ ಆಗಬೇಕು: ಡಾಡ್ 'ಅವನೋ' 'ಅವರೋ'? ಯಾವುದನ್ನು ಹಿಡಿದರೂ ನಡೆಯುತ್ತದೆ, ಹಿಡಿದದ್ದನ್ನು ಬಿಡಬಾರದು. ಪ್ರವಚನ ಮಾಡುವಾಗ 'ಅವರು' ಎಂದು ಗೌರವ ಕೊಟ್ಟು, ಬಾಂಡ್ ಬರೆದ ಗಳಿಗೆಯಿಂದ 'ಅವನು' ಎಂದು ಇಳಿಸಿದರೆ, ನ್ಯಾಯಾಧೀಶರಿಗಿಂತ ಮೊದಲು ನೀವೇ ತೀರ್ಪು ಓದಿದಂತಾಯಿತು. ಇಲ್ಲಿ ಉದ್ದಕ್ಕೂ ಏಕವಚನವೇ ಇದೆ.

ಹುಟ್ಟಿನಿಂದ ಹೆಸರಿನವರೆಗೆ

1729ರ ಮೇ 29ರಂದು ಲಿಂಕನ್‌ಶೈರಿನ ಬೋರ್ನ್ ಎಂಬ ಊರಲ್ಲಿ ಹುಟ್ಟಿದ. ಅಪ್ಪನೂ ಅದೇ ಊರಿನ ಪಾದ್ರಿ. ಕೇಂಬ್ರಿಜ್‌ನ ಕ್ಲೇರ್ ಹಾಲ್‌ನಲ್ಲಿ ಶುಲ್ಕ ರಿಯಾಯಿತಿಯ ಬಡ ವಿದ್ಯಾರ್ಥಿಯಾಗಿ ಓದಿದ. ಲಂಡನ್ನಿಗೆ ಬಂದು 1751ರಲ್ಲಿ ಮೇರಿ ಪರ್ಕಿನ್ಸ್ ಎಂಬುವಳನ್ನು ಮದುವೆಯಾದ. ಎರಡೂ ಕಡೆ ಕಾಸಿಲ್ಲ. ಅದೇ ವರ್ಷ ದೀಕ್ಷೆ. 1752ರಲ್ಲಿ, ಇನ್ನೂ ಇಪ್ಪತ್ಮೂರರ ಹುಡುಗ, ಷೇಕ್ಸ್‌ಪಿಯರನ ನಾಟಕಗಳಿಂದ ಒಳ್ಳೊಳ್ಳೆಯ ಭಾಗಗಳನ್ನು ಆರಿಸಿ ವಿಷಯವಾರು ಜೋಡಿಸಿದ ಎರಡು ಸಂಪುಟ ತಂದ. ಆ ಪುಸ್ತಕ ಅವನು ಸತ್ತ ಮೇಲೂ ನೂರು ವರ್ಷ ಮುದ್ರಣವಾಗುತ್ತಲೇ ಇತ್ತು. ಜರ್ಮನಿಯ ಗಯಟೆ ವಿದ್ಯಾರ್ಥಿಯಾಗಿದ್ದಾಗ ಷೇಕ್ಸ್‌ಪಿಯರನನ್ನು ಮೊದಲು ಮುಟ್ಟಿದ್ದು ಈ ಸಂಕಲನದ ಮೂಲಕವೇ. ಇಂಗ್ಲಿಷ್ ವಿಭಾಗದಲ್ಲಿ ಮಾತಾಡುವುದಾದರೆ ಇಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಿ, ಬೇರೆ ಕಡೆ ದಾಟಿಕೊಂಡು ಹೋಗಿ.

ಈ ಭಾಗದಲ್ಲಿ ಕೇಳುಗರಿಗೆ ತೊಡಕಾಗುವುದು ಇಂಗ್ಲೆಂಡಿನ ಚರ್ಚಿನ ಹುದ್ದೆಗಳ ಲೆಕ್ಕಾಚಾರ. ಕೋಲಾರದವರಿಗೆ ಪಾದ್ರಿ ಎಂದರೆ ಇಟಿಸಿಎಂ ಆಸ್ಪತ್ರೆಯ ಕಡೆಯ ಮೆಥಡಿಸ್ಟ್ ಪರಿಚಯ, ಕೆಜಿಎಫ್‌ನವರಿಗೆ ಗಣಿ ಕಾಲದ ಚರ್ಚುಗಳ ಪರಿಚಯ. ಇಬ್ಬರೂ ಸಂಬಳದ, ವರ್ಗಾವಣೆಯ ಪಾದ್ರಿಗಳನ್ನು ಕಂಡವರು. ಡಾಡ್‌ನ ಕಾಲದ ಹುದ್ದೆ ಹಾಗಲ್ಲ. ಹಳೇ ಮೈಸೂರಿನಲ್ಲಿ ದೇವಸ್ಥಾನದ ಇನಾಂ ಜಮೀನು ಪೂಜೆಯ ಹಕ್ಕಿನ ಜೊತೆಗೇ ಬರುತ್ತಿತ್ತಲ್ಲ, ಹಾಗೆ ಒಂದೊಂದು ಚರ್ಚಿನ ಜೊತೆಗೂ ಜಮೀನಿನ ಆದಾಯ, ಊರವರ ಬೆಳೆಯಲ್ಲಿ ಹತ್ತನೇ ಒಂದು ಪಾಲು ಅಂಟಿಕೊಂಡಿರುತ್ತಿತ್ತು. ಆ ಹುದ್ದೆಯನ್ನು ಯಾರಿಗೆ ಕೊಡಬೇಕೆಂಬ ಹಕ್ಕು ರಾಜನಿಗೋ ಜಮೀನ್ದಾರನಿಗೋ ಇರುತ್ತಿತ್ತು. ಒಬ್ಬನೇ ನಾಲ್ಕು ಕಡೆ ಹುದ್ದೆ ಹಿಡಿದು, ಕಡಿಮೆ ಸಂಬಳಕ್ಕೆ ಬದಲಿ ಪಾದ್ರಿ ಇಟ್ಟು, ತಾನು ಲಂಡನ್ನಿನಲ್ಲಿ ಇರಬಹುದಿತ್ತು. ಇದನ್ನು ಇಲ್ಲೇ ಬಿಡಿಸಿ ಹೇಳದಿದ್ದರೆ 1774ರ ಲಂಚ ಯಾಕೆ, ಯಾರಿಗೆ ಎಂಬುದು ಯಾರ ತಲೆಗೂ ಹೋಗುವುದಿಲ್ಲ.

1758ರಲ್ಲಿ ಮಗ್ದಲೇನ್ ಹೌಸ್ ತೆರೆಯಿತು. ವೇಶ್ಯಾವೃತ್ತಿ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಮನೆ. ಅಲ್ಲಿ ಡಾಡ್‌ನ ಭಾನುವಾರದ ಪ್ರವಚನ ಕೇಳಲು ಶ್ರೀಮಂತರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಬಂದು ಅತ್ತು ಹೋಗುತ್ತಿದ್ದರು, ಹೋಗುವಾಗ ದೇಣಿಗೆ ಹಾಕುತ್ತಿದ್ದರು. 1760ರಲ್ಲಿ ರಾಜಕುಮಾರ ಎಡ್ವರ್ಡ್‌ನ ಜೊತೆ ಹೋಗಿದ್ದ ಹೊರೇಸ್ ವಾಲ್ಪೋಲ್ ಆ ಅಳುವನ್ನು ತನ್ನ ಪತ್ರದಲ್ಲಿ ಸ್ವಲ್ಪ ಕುಚೋದ್ಯದಿಂದಲೇ ಬರೆದಿಟ್ಟಿದ್ದಾನೆ. 1763ರಲ್ಲಿ ಡಾಡ್ ರಾಜನ ಪಾದ್ರಿಗಳಲ್ಲಿ ಒಬ್ಬನಾದ. ನಾಲ್ಕನೇ ಚೆಸ್ಟರ್‌ಫೀಲ್ಡ್ ಅರ್ಲ್ ತನ್ನ ಉತ್ತರಾಧಿಕಾರಿ ಹುಡುಗ ಫಿಲಿಪ್ ಸ್ಟ್ಯಾನ್‌ಹೋಪ್‌ಗೆ ಇವನನ್ನು ಮೇಷ್ಟ್ರಾಗಿ ಗೊತ್ತುಮಾಡಿದ. 1766ರಲ್ಲಿ ಕೇಂಬ್ರಿಜ್ ಡಾಕ್ಟರೇಟ್. ಆದಾಯ ಏರಿತು, ಖರ್ಚು ಅದಕ್ಕಿಂತ ಜೋರಾಗಿ ಏರಿತು. ಜನ ಇಟ್ಟ ಅಡ್ಡಹೆಸರು 'ಮ್ಯಾಕರೋನಿ ಪಾದ್ರಿ'. ಆಗ ಲಂಡನ್ನಿನಲ್ಲಿ ಅತಿಯಾಗಿ ಶೋಕಿ ಮಾಡುವ ಗಂಡಸರನ್ನು ಹಾಗೆ ಕರೆಯುತ್ತಿದ್ದರು. ಒಂದು ಮಾತಿನಲ್ಲಿ ಹೇಳಿಬಿಡಿ, ಇಲ್ಲದಿದ್ದರೆ ಹುಡುಗರು ಪಾಸ್ತಾ ಎಂದುಕೊಂಡು ಕೂರುತ್ತಾರೆ.

ಈ ಹನ್ನೆರಡು ನಿಮಿಷದಲ್ಲಿ ಬಿಡಲೇಬಾರದ್ದು 1772. ಆ ವರ್ಷ ಮೂರು ಸಂಗತಿ ಒಟ್ಟಿಗೆ ಬರುತ್ತವೆ. ಸಣ್ಣಪುಟ್ಟ ಸಾಲಕ್ಕೆ ಜೈಲು ಸೇರಿದವರನ್ನು ಬಿಡಿಸುವ ಸಂಘ ಹುಟ್ಟಿತು, ಅದಕ್ಕೆ ದುಡ್ಡು ಕೂಡಿಸಿದ್ದು ಡಾಡ್‌ನ ಪ್ರವಚನ. ಮಾತೆತ್ತಿದರೆ ಮರಣದಂಡನೆ ಕೊಡುವುದು ನ್ಯಾಯಕ್ಕೂ ಧರ್ಮಕ್ಕೂ ಒಪ್ಪದು ಎಂದು ವಾದಿಸುವ ಪ್ರವಚನವನ್ನು ಅವನು ಅಚ್ಚು ಹಾಕಿಸಿದ. ಅದೇ ವರ್ಷ ದಾರಿಗಳ್ಳನೊಬ್ಬ ಡಾಡ್ ದಂಪತಿಯ ಗಾಡಿ ತಡೆದ. ಡಾಡ್ ನ್ಯಾಯಾಲಯಕ್ಕೆ ಹೋಗಿ ಸಾಕ್ಷಿ ಹೇಳಿದ, ಕಳ್ಳನಿಗೆ 1773ರಲ್ಲಿ ನೇಣಾಯಿತು. ಮೂರನ್ನೂ ಒಂದರ ಹಿಂದೆ ಒಂದು ಹೇಳಿ, ವ್ಯಾಖ್ಯಾನ ಮಾಡದೆ ಮುಂದೆ ಹೋಗಿ. 'ಎಂಥ ವಿಪರ್ಯಾಸ ನೋಡಿ' ಎಂದು ನೀವು ಬಾಯಿಬಿಟ್ಟರೆ ಅದರ ರುಚಿ ಹೋಯಿತು.

ಲಂಚದ ಪತ್ರ

1774ರಲ್ಲಿ ಹ್ಯಾನೋವರ್ ಚೌಕದ ಸೇಂಟ್ ಜಾರ್ಜ್ ಚರ್ಚಿನ ಹುದ್ದೆ ಖಾಲಿಯಾಯಿತು. ಲಂಡನ್ನಿನ ಒಳ್ಳೇ ಆದಾಯದ ಹುದ್ದೆಗಳಲ್ಲಿ ಅದೂ ಒಂದು. ದೇಶದ ಹಿರಿಯ ನ್ಯಾಯಾಧಿಕಾರಿ, ಲಾರ್ಡ್ ಚಾನ್ಸಲರ್ ಆಪ್ಸ್‌ಲಿಯ ಹೆಂಡತಿಗೆ ಒಂದು ಹೆಸರಿಲ್ಲದ ಕಾಗದ ಬಂತು: ಆ ಹುದ್ದೆ ಕೊಡಿಸಿದರೆ 3000 ಪೌಂಡ್. ಕಾಗದದ ಜಾಡು ಹಿಡಿದು ಹೋದರೆ ಡಾಡ್‌ನ ಮನೆ ಸಿಕ್ಕಿತು. ಹೆಂಡತಿ ತನ್ನನ್ನು ಕೇಳದೆ ಮಾಡಿದ ಕೆಲಸ ಎಂದ. ರಾಜ ಅವನ ಹೆಸರನ್ನು ತನ್ನ ಪಾದ್ರಿಗಳ ಪಟ್ಟಿಯಿಂದ ಹೊಡೆದುಹಾಕಿಸಿದ. ಸ್ಯಾಮುಯೆಲ್ ಫೂಟ್ ತನ್ನ ಪ್ರಹಸನದಲ್ಲಿ ಗಂಡಹೆಂಡಿರಿಬ್ಬರನ್ನೂ ಗೇಲಿಗೆಳೆದ. ಡಾಡ್ ಸ್ವಲ್ಪ ಕಾಲ ಜಿನೀವಾಕ್ಕೆ ಹೋಗಿ ತಲೆಮರೆಸಿಕೊಂಡ. ಅಲ್ಲಿದ್ದ ಅವನ ಹಳೇ ಶಿಷ್ಯ ಆದರಿಸಿ, ವಿಂಗ್ ಎಂಬಲ್ಲಿ ಒಂದು ಹುದ್ದೆಯನ್ನೂ ಕೊಟ್ಟ.

ಬಹಳ ಜನ ಎಡವುವುದು ಈ ಶಿಷ್ಯನ ಹತ್ತಿರ. ಚೆಸ್ಟರ್‌ಫೀಲ್ಡ್ ಎಂದರೆ ಮಗನಿಗೆ ಪತ್ರ ಬರೆದ ಪ್ರಸಿದ್ಧ ಅರ್ಲ್ ಎಂದೇ ಇಂಗ್ಲಿಷ್ ಓದಿದವರ ನೆನಪು. ಆತ ನಾಲ್ಕನೆಯವನು, 1773ರಲ್ಲೇ ತೀರಿಕೊಂಡ. ಡಾಡ್ ಯಾರ ಹೆಸರಲ್ಲಿ ಸೈನು ಹಾಕಿದನೋ ಆತ ಐದನೆಯವನು, 1755ರಲ್ಲಿ ಹುಟ್ಟಿದವನು, ಆಗ ಇಪ್ಪತ್ತೊಂದರ ತರುಣ. ಇವರಿಬ್ಬರನ್ನು ಅದಲು ಬದಲು ಮಾಡಿದರೆ ಸತ್ತವನ ಹೆಸರಲ್ಲಿ ಸಾಲ ಎತ್ತಿದ ಕಥೆಯಾಗುತ್ತದೆ. ಬೋರ್ಡಿನ ಮೂಲೆಯಲ್ಲಿ 'ನಾಲ್ಕನೇ ಅರ್ಲ್, 1773ಕ್ಕೆ ನಿಧನ. ಐದನೇ ಅರ್ಲ್, ಶಿಷ್ಯ' ಎಂದು ಬರೆದಿಟ್ಟು ಕೊನೆಯವರೆಗೂ ಅಳಿಸಬೇಡಿ.

ಬಾಂಡು

ಇಲ್ಲಿ ಆತುರ ಬೇಡ. ಒಂದು ಎ4 ಹಾಳೆಯಲ್ಲಿ ಪತ್ರದ ನಕ್ಷೆ ಮಾಡಿ ಎಲ್ಲರಿಗೂ ಹಂಚಿದರೆ ಒಳ್ಳೆಯದು. ಮೇಲೆ ಮೊತ್ತ, 4200 ಪೌಂಡ್. ಅದರ ಕೆಳಗೆ ಪ್ರತಿಯಾಗಿ ಕೊಡಬೇಕಾದ ವರ್ಷಾಶನ, 700 ಪೌಂಡ್. ಅದರ ಕೆಳಗೆ ಸಹಿಯ ಜಾಗ. ಎಡಗಡೆ ಇಬ್ಬರು ಸಾಕ್ಷಿಗಳ ಜಾಗ. ನಿಜವಾದ ಛಾಪಾ ಕಾಗದದ ಮೇಲೆ ಇದನ್ನು ಮಾಡಬೇಡಿ, ಊರಿನ ಯಾರ ಹೆಸರನ್ನೂ ತಮಾಷೆಗೂ ಬರೆಯಬೇಡಿ. ಸಭೆ ಮುಗಿದ ಮೇಲೆ ಹಾಳೆಗಳು ಎಲ್ಲೆಲ್ಲಿಗೋ ಹೋಗುತ್ತವೆ.

ಈಗ ವ್ಯವಹಾರದ ಬಗೆ. ದೊಡ್ಡ ಮನೆಯ ತರುಣರಿಗೆ ಕೈಯಲ್ಲಿ ದುಡ್ಡಿಲ್ಲದಾಗ, ಇಡಿಗಂಟು ಈಗ ತೆಗೆದುಕೊಂಡು, ಬದಲಿಗೆ ವರ್ಷವರ್ಷವೂ ಇಂತಿಷ್ಟು ಕೊಡುತ್ತೇನೆಂದು ಬರೆದುಕೊಡುವುದು ಆಗ ನಡೆದುಬಂದ ಪದ್ಧತಿ. 4200ನ್ನು 700ರಿಂದ ಭಾಗಿಸಿದರೆ ಆರು. ಅಂದರೆ ಆರು ವರ್ಷ ಕಟ್ಟಿದರೆ ಅಸಲು ತೀರುತ್ತಿತ್ತು, ಆಮೇಲಿನದೆಲ್ಲ ಸಾಹುಕಾರನಿಗೆ ಲಾಭ. ಇಂಥವು ಮನೆಯವರಿಗೆ ತಿಳಿಯದಂತೆ ಗುಟ್ಟಾಗಿಯೇ ನಡೆಯುತ್ತಿದ್ದವು. ಡಾಡ್ ಹೇಳಿದ ಸುಳ್ಳು ನಂಬಿಕೆಗೆ ಒಗ್ಗಿದ್ದು ಈ ಕಾರಣಕ್ಕೇ.

ಮೊತ್ತವನ್ನು ಇಂದಿನ ರೂಪಾಯಿಗೆ ತಿರುಗಿಸಲು ಹೋಗಬೇಡಿ. ಯಾವ ಲೆಕ್ಕ ಹಿಡಿದರೂ ಬೇರೆಬೇರೆ ಉತ್ತರ ಬರುತ್ತದೆ, ಸಭೆಯಲ್ಲಿ ಯಾರಾದರೊಬ್ಬರು ಕಾಮರ್ಸ್ ಮೇಷ್ಟ್ರು ಎದ್ದು ನಿಲ್ಲುತ್ತಾರೆ. ಬದಲಿಗೆ ಆ ಕಾಲದ್ದೇ ಒಂದು ಅಳತೆ ಕೊಡಿ: ಸ್ಯಾಮುಯೆಲ್ ಜಾನ್ಸನ್ನನಿಗೆ 1762ರಿಂದ ಸರ್ಕಾರ ಕೊಡುತ್ತಿದ್ದ ಪಿಂಚಣಿ ವರ್ಷಕ್ಕೆ 300 ಪೌಂಡ್, ಅದರಲ್ಲಿ ಅವನು ನೆಮ್ಮದಿಯಾಗಿದ್ದ. ಡಾಡ್ ಎತ್ತಿದ್ದು ಅಂಥ ಹದಿನಾಲ್ಕು ವರ್ಷದ ಪಿಂಚಣಿ.

1777ರ ಫೆಬ್ರವರಿ 4, ಮಂಗಳವಾರ. ಡಾಡ್ ಲೂಯಿಸ್ ರಾಬರ್ಟ್‌ಸನ್ ಎಂಬ ದಲ್ಲಾಳಿಯನ್ನು ಹಿಡಿದಿದ್ದ. (ಕೆಜಿಎಫ್‌ನಲ್ಲಿ ಮಾತಾಡುವುದಾದರೆ ರಾಬರ್ಟ್‌ಸನ್‌ಪೇಟೆಗೂ ಈತನಿಗೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿ, ನಗು ಮುಗಿಯಲಿ.) ಒಬ್ಬ ದೊಡ್ಡ ಮನುಷ್ಯರಿಗೆ ಹಣ ಬೇಕಾಗಿದೆ, ಅವರಿಗೆ ವಿಷಯ ಹೊರಗೆ ಹೋಗುವುದು ಇಷ್ಟವಿಲ್ಲ, ಆದ್ದರಿಂದ ಸಾಲ ಕೊಡುವವರ ಎದುರಿಗೆ ಸೈನು ಮಾಡುವುದಿಲ್ಲ ಎಂದ. ಕೆಲವು ಸಾಹುಕಾರರು ಈ ಷರತ್ತು ಕೇಳಿಯೇ ಹಿಂದೆ ಸರಿದರು. ಕೊನೆಗೆ ಫ್ಲೆಚರ್ ಮತ್ತು ಪೀಚ್ ಎಂಬಿಬ್ಬರು ಒಪ್ಪಿದರು. ಡಾಡ್ ಬಾಂಡು ತೆಗೆದುಕೊಂಡು ಹೋಗಿ, ಚೆಸ್ಟರ್‌ಫೀಲ್ಡ್ ಎಂಬ ಸಹಿಯೊಂದಿಗೆ ವಾಪಸ್ ತಂದ. ಸಾಕ್ಷಿಯಾಗಿ ತನ್ನ ಹೆಸರನ್ನು ಅವನೇ ಹಾಕಿದ್ದ. ಇಬ್ಬರು ಸಾಕ್ಷಿ ಇರಬೇಕಲ್ಲ, ರಾಬರ್ಟ್‌ಸನ್ ಪಕ್ಕದಲ್ಲಿ ತನ್ನ ಹೆಸರನ್ನೂ ಹಾಕಿದ. ಅರ್ಲ್ ಸೈನು ಮಾಡಿದ್ದನ್ನು ಅವನು ಕಂಡೇ ಇರಲಿಲ್ಲ.

ಹಾಳೆಯ ಮೇಲೆ ಆ ಎರಡನೇ ಸಾಕ್ಷಿಯ ಜಾಗಕ್ಕೆ ಬೆರಳಿಡಿ ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ಮಂಡಿ ವ್ಯವಹಾರವಿರಲಿ, ಚೀಟಿ ಇರಲಿ, ನೆಂಟರ ಪ್ರೋನೋಟಿರಲಿ, 'ನಮ್ಮೋರೇ ಬಿಡಪ್ಪ' ಎಂದು ನೋಡದೆ ಸಾಕ್ಷಿ ಹಾಕಿದವರು ಕೋಲಾರದ ಯಾವ ಸಭೆಯಲ್ಲಾದರೂ ಇದ್ದೇ ಇರುತ್ತಾರೆ. ಸಾಕ್ಷಿ ಸೈನು ಎಂದರೆ 'ಇಂಥವರು ನನ್ನ ಕಣ್ಣೆದುರಿಗೆ ಸಹಿ ಮಾಡಿದರು' ಎಂದು ಬರೆದುಕೊಟ್ಟ ಹಾಗೆ. ರಾಬರ್ಟ್‌ಸನ್‌ನಿಗೆ ಮೋಸದ ಉದ್ದೇಶ ಇತ್ತೋ ಇಲ್ಲವೋ, ಆ ಒಂದು ಸಹಿಗೆ ಅವನೂ ಬಂಧನವಾದ.

ಕಾಗದ ಸಾಹುಕಾರರ ವಕೀಲ ಮ್ಯಾನ್ಲಿಯ ಕೈಗೆ ಹೋಯಿತು. ಅವನ ಕಣ್ಣಿಗೆ ಬಿದ್ದದ್ದು ಸಹಿಯಲ್ಲ, ಮಸಿಯ ಕಲೆ. ಏಳುನೂರು ಎಂದು ಇಂಗ್ಲಿಷಿನಲ್ಲಿ ಬರೆದ ಕಡೆ 'ಸೆವೆನ್' ಪದದ 'ಇ' ಅಕ್ಷರದ ಮೇಲೆ ಒಂದು ಕಲೆ ಇತ್ತು, ಅದರ ಸುತ್ತ ಲೇಖನಿ ಆಡಿಸಿದ ಗುರುತು. ಮೊತ್ತದ ಅಕ್ಷರದ ಮೇಲೆ ಕಲೆ ಇದ್ದರೆ ನಾಳೆ ತಕರಾರು ಬರುತ್ತದೆಂದು, ಚೊಕ್ಕವಾಗಿ ಬೇರೆ ಪತ್ರ ಬರೆಸಿ ಅರ್ಲ್‌ನ ಸಹಿ ಹಾಕಿಸಿಬಿಡೋಣ ಎಂದುಕೊಂಡ. ಯಾವ ಮೋಸವನ್ನು ಹಿಡಿಯಬೇಕೆಂದೂ ಅವನು ಹೊರಟಿರಲಿಲ್ಲ, ಕಾಗದ ನೀಟಾಗಿರಲಿ ಎಂದಷ್ಟೇ. ಚೆಸ್ಟರ್‌ಫೀಲ್ಡ್ ಪತ್ರ ನೋಡಿ, ಇದು ನನ್ನದಲ್ಲ ಎಂದ. ವಾರ ಕಳೆಯುವುದರೊಳಗೆ ಡಾಡ್ ಸಿಕ್ಕಿಬಿದ್ದ. ಮನೆಗೆ ಬಂದವರ ಎದುರಿಗೇ 3000 ಪೌಂಡ್ ಹಿಂದಿರುಗಿಸಿದ, ಉಳಿದದ್ದಕ್ಕೂ ವ್ಯವಸ್ಥೆ ಮಾಡಿದ. ಕೆಲವೇ ತಿಂಗಳಲ್ಲಿ ತೀರಿಸುವ ಮನಸ್ಸಿತ್ತು ಎಂದ.

ಈ ಕಲೆಯನ್ನು ತೋರಿಸಲು ಒಂದು ಉಪಾಯ: ಇಂಕ್ ಪೆನ್ನಿನಿಂದ ದೊಡ್ಡದಾಗಿ ಆ ಪದ ಬರೆದು, 'ಇ' ಮೇಲೆ ಒಂದು ಹನಿ ಬಿಟ್ಟು, ಫೋಟೊ ತೆಗೆದು ಪರದೆಗೆ ಹಾಕಿ. ಬಾಲ್ ಪೆನ್ನಿನಲ್ಲಿ ಆಗದು. ರಂಗಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಹಿಂದಿನವರಿಗೆ ಕಾಣುವಂತೆ ಪರದೆ ತುಂಬ ಆ ಒಂದು ಪದವೇ ಇರಲಿ, ಬೇರೇನೂ ಬೇಡ.

ವಿಚಾರಣೆ, ಅರ್ಜಿ, ನಂದಕುಮಾರ

ಫೆಬ್ರವರಿ 22ಕ್ಕೆ ಓಲ್ಡ್ ಬೇಲಿಯಲ್ಲಿ ವಿಚಾರಣೆ, ಅದೇ ದಿನ ತಪ್ಪಿತಸ್ಥನೆಂಬ ತೀರ್ಮಾನ. ಬಾಂಡಿನಿಂದ ತೀರ್ಮಾನಕ್ಕೆ ಹದಿನೆಂಟು ದಿನ. ಜ್ಯೂರಿ ದಯೆ ತೋರಿಸಬೇಕೆಂದು ಶಿಫಾರಸು ಮಾಡಿತು. ಮುಖ್ಯ ಸಾಕ್ಷಿಯಾದ ದಲ್ಲಾಳಿಯನ್ನು ಗ್ರ್ಯಾಂಡ್ ಜ್ಯೂರಿಯ (ಆರೋಪ ವಿಚಾರಣೆಗೆ ತಕ್ಕದ್ದೇ ಎಂದು ಮೊದಲು ನೋಡುವ ಮಂಡಲಿಯ) ಮುಂದೆ ತಂದ ರೀತಿ ಕ್ರಮಬದ್ಧವೇ ಎಂಬ ಪ್ರಶ್ನೆ ಹನ್ನೆರಡು ನ್ಯಾಯಾಧೀಶರ ಮುಂದೆ ಹೋಯಿತು, ಮೇ ತಿಂಗಳಲ್ಲಿ ಅವರು ಅದನ್ನು ತಳ್ಳಿಹಾಕಿದರು. ವಕೀಲರ ಸಭೆಯಾದರೆ ಇಲ್ಲಿ ನಿಲ್ಲಬಹುದು, ಉಳಿದವರಿಗೆ ಒಂದು ವಾಕ್ಯ ಸಾಕು.

ಕ್ಷಮಾದಾನ ಕೋರಿದ ಅರ್ಜಿಗೆ 23,000 ಜನ ಸಹಿ ಹಾಕಿದರು. ಒಂದು ಸುಳ್ಳು ಸಹಿಯ ಅಪರಾಧಕ್ಕೆ ಅಷ್ಟು ನಿಜ ಸಹಿಗಳು. ಮೂರನೇ ಜಾರ್ಜ್ ಒಪ್ಪಲಿಲ್ಲ. ಯಾಕೆಂದರೆ, ಹಿಂದಿನ ವರ್ಷ 1776ರ ಜನವರಿಯಲ್ಲಿ ಪೆರೋ ಎಂಬ ಅವಳಿ ಸೋದರರನ್ನು ಇದೇ ಫೋರ್ಜರಿಗೆ ನೇಣು ಹಾಕಲಾಗಿತ್ತು. ಈಗ ಡಾಡ್‌ನನ್ನು ಬಿಟ್ಟರೆ ಅವರನ್ನು ಕೊಂದದ್ದು ಅನ್ಯಾಯ ಎಂದಂತಾಗುತ್ತದೆ ಎಂಬ ವಾದ ಗೆದ್ದಿತು. ಲಂಡನ್ ಆಗ ಸಾಲಪತ್ರ, ಹುಂಡಿಗಳ ಮೇಲೆಯೇ ನಿಂತ ಪೇಟೆ. ಸಹಿಯ ಮೇಲಿನ ನಂಬಿಕೆ ಕುಸಿದರೆ ವ್ಯಾಪಾರವೇ ಕುಸಿಯುತ್ತದೆಂಬ ಭಯ ಆಳುವವರಿಗಿತ್ತು. ಫೋರ್ಜರಿಯನ್ನು ಅಷ್ಟು ಕಠಿಣವಾಗಿ ನೋಡುತ್ತಿದ್ದದ್ದು ಅದಕ್ಕೇ.

ಭಾರತದ ಕೇಳುಗರಿಗೆ ಈ ಕಾನೂನು ದೂರದ್ದಲ್ಲ ಎಂದು ತೋರಿಸಲು ಮಹಾರಾಜ ನಂದಕುಮಾರನ ಹೆಸರು ತನ್ನಿ. ಕಲ್ಕತ್ತದಲ್ಲಿ ವಾರನ್ ಹೇಸ್ಟಿಂಗ್ಸ್ ಮೇಲೆ ಲಂಚದ ಆರೋಪ ಹೊರಿಸಿದವನು. ಹಳೆಯ ಸಾಲಪತ್ರವೊಂದು ಫೋರ್ಜರಿ ಎಂಬ ಆಪಾದನೆಯ ಮೇಲೆ, 1774ರಲ್ಲಷ್ಟೇ ಸ್ಥಾಪನೆಯಾಗಿದ್ದ ಸುಪ್ರೀಂ ಕೋರ್ಟು, ಎಲೈಜಾ ಇಂಪಿ ಮುಖ್ಯ ನ್ಯಾಯಾಧೀಶನಾಗಿದ್ದಾಗ, ಅವನಿಗೆ ಮರಣದಂಡನೆ ಕೊಟ್ಟಿತು. 1775ರ ಆಗಸ್ಟ್ 5ರಂದು ನೇಣು. ಬ್ರಿಟಿಷ್ ಪಾರ್ಲಿಮೆಂಟಿನ 1729ರ ಫೋರ್ಜರಿ ಕಾನೂನನ್ನು ಬಂಗಾಳದವನ ಮೇಲೆ ಹೂಡಬಹುದೇ ಎಂಬ ಜಗಳ ಆಮೇಲೆ ಬಹಳ ಕಾಲ ನಡೆಯಿತು. ಎರಡೂ ಪ್ರಕರಣಕ್ಕೆ ಎರಡು ವರ್ಷವೂ ಅಂತರವಿಲ್ಲ. ಆದರೆ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ: ನಂದಕುಮಾರನ ವಿಚಾರಣೆಯ ಹಿಂದೆ ರಾಜಕೀಯ ದ್ವೇಷವಿತ್ತೆಂಬ ಗುಮಾನಿ ಗಟ್ಟಿಯಾದದ್ದು, ಡಾಡ್ ಬರೆದದ್ದನ್ನು ಡಾಡ್‌ನೇ ಅಲ್ಲಗಳೆಯಲಿಲ್ಲ.

ಜೈಲು ಮತ್ತು ಜಾನ್ಸನ್

ಶಿಕ್ಷೆಗೆ ಮೊದಲು ನ್ಯೂಗೇಟ್ ಜೈಲಿನಲ್ಲಿ ಡಾಡ್ ಐದು ಭಾಗದ ದೀರ್ಘ ಕವಿತೆ ಬರೆದ, ಜೈಲಿನ ಚಿಂತನೆಗಳು ಎಂಬ ಅರ್ಥದ ಹೆಸರಿನಲ್ಲಿ. ಕಾವ್ಯವಾಗಿ ಸಾಧಾರಣ, ದಾಖಲೆಯಾಗಿ ಅಮೂಲ್ಯ. ಡಾಡ್‌ನ ಮಾತು ಬೇಕೆಂದರೆ ಇಲ್ಲಿಂದ ಎತ್ತಿಕೊಳ್ಳಿ. ಜೂನ್ 6ರಂದು ಸಹಕೈದಿಗಳ ಮುಂದೆ ಅವನು ಮಾಡಿದ ಪ್ರವಚನದಿಂದ ಎತ್ತಿಕೊಂಡರೆ ಮೋಸಹೋಗುತ್ತೀರಿ, ಅದರ ಬಹುಭಾಗ ಬರೆದುಕೊಟ್ಟವನು ಜಾನ್ಸನ್. ಶಿಕ್ಷೆ ಪ್ರಕಟಿಸುವ ಮುನ್ನ ನ್ಯಾಯಾಲಯದಲ್ಲಿ ಡಾಡ್ ಆಡಿದ ಮಾತು, ಚಾನ್ಸಲರ್‌ಗೆ ಹೋದ ಪತ್ರ, ಇವೂ ಜಾನ್ಸನ್ನನವೇ. ಡಾಡ್‌ನನ್ನು ಅವನು ಹಿಂದೆಂದೋ ಒಮ್ಮೆ ಮಾತ್ರ ಕಂಡಿದ್ದ. ಮುದ್ರಕ ಎಡ್ಮಂಡ್ ಆಲನ್ ಮೂಲಕ ಕೋರಿಕೆ ಬಂದಾಗ, ಕೈಲಾದದ್ದು ಮಾಡುತ್ತೇನೆಂದು ಒಪ್ಪಿಕೊಂಡ.

ಆ ಪ್ರವಚನ ಡಾಡ್‌ನ ಶಕ್ತಿಗೆ ಮೀರಿದ್ದು ಎಂದು ಒಬ್ಬರು ಅನುಮಾನಪಟ್ಟಾಗ, ಹದಿನೈದು ದಿನದಲ್ಲಿ ನೇಣಾಗುತ್ತದೆಂದು ಗೊತ್ತಾದರೆ ಮನುಷ್ಯನ ಬುದ್ಧಿ ಚೆನ್ನಾಗಿ ಏಕಾಗ್ರವಾಗುತ್ತದೆ ಎಂಬರ್ಥದ ಮಾತನ್ನು ಜಾನ್ಸನ್ ಹೇಳಿದ. ಈ ಮಾತು ಈಗ ಎಲ್ಲೆಲ್ಲೋ ಗಾದೆಯಂತೆ ಓಡಾಡುತ್ತಿದೆ. ಅದು ತಾನೇ ಬರೆದುಕೊಟ್ಟದ್ದನ್ನು ಮುಚ್ಚಿಡಲು ಆಡಿದ ಮಾತು ಎಂಬುದನ್ನು ಬಿಟ್ಟರೆ ಅರ್ಧ ಸ್ವಾರಸ್ಯ ಹೋಗುತ್ತದೆ. ನೇಣಿನ ಹಿಂದಿನ ದಿನ ಡಾಡ್‌ಗೆ ಬರೆದ ಪತ್ರದಲ್ಲಿ, ನಿನ್ನ ಅಪರಾಧ ಯಾರ ಪ್ರಾಣವನ್ನೂ ತೆಗೆಯಲಿಲ್ಲ, ಯಾರ ನೀತಿಯನ್ನೂ ಕೆಡಿಸಲಿಲ್ಲ, ಆದ ನಷ್ಟ ತುಂಬಿಕೊಡಬಹುದಾದದ್ದು ಎಂದು ಜಾನ್ಸನ್ ಸಮಾಧಾನ ಹೇಳಿದ. ಡಾಡ್‌ನನ್ನು ತಪ್ಪಿಸಿಕೊಳ್ಳಲು ಬಿಡುವ ಜೈಲಿನವರಿಗೆ ಕೊಡಲು ಸ್ನೇಹಿತರು ಸಾವಿರ ಪೌಂಡ್ ಇಟ್ಟುಕೊಂಡಿದ್ದರು, ಡಾಡ್‌ನ ಮೇಣದ ಗೊಂಬೆಯನ್ನೂ ಒಳಗೆ ಸಾಗಿಸಿದ್ದರು ಎಂದು ಜಾನ್ಸನ್ ಹೇಳಿದ್ದನ್ನು ಬಾಸ್ವೆಲ್ ಬರೆದಿಟ್ಟಿದ್ದಾನೆ. ಸಭೆ ತೂಕಡಿಸುವಂತಿದ್ದರೆ ಗೊಂಬೆ ಕೆಲಸಕ್ಕೆ ಬರುತ್ತದೆ.

ಕೊನೆಯ ಮೂರು ನಿಮಿಷ, ಆಮೇಲಿನ ಪ್ರಶ್ನೆಗಳು

ಜೂನ್ 27, ಶುಕ್ರವಾರ, ದೊಡ್ಡ ಜನಜಂಗುಳಿ. ನೇಣಾದ ಮೇಲೆ ದೇಹವನ್ನು ಬೇಗ ಸಾಗಿಸಿ, ಶಸ್ತ್ರವೈದ್ಯ ಜಾನ್ ಹಂಟರ್ ಕೈಯಲ್ಲಿ ಮತ್ತೆ ಜೀವ ತರಿಸುವ ಪ್ರಯತ್ನ ನಡೆಯಿತು. ಜನಸಂದಣಿಯಲ್ಲಿ ತಡವಾಯಿತು, ಫಲ ಸಿಗಲಿಲ್ಲ. ಕೌಲಿ ಎಂಬಲ್ಲಿ ಹೂಳಿದರು. ಬದುಕಿ ಫ್ರಾನ್ಸಿಗೆ ಹೋದನಂತೆ ಎಂಬ ಗಾಳಿಮಾತು ಆಗಲೇ ಹುಟ್ಟಿತು, ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಗಾಳಿಮಾತು ಎಂದೇ ಹೇಳಿ.

ದುಡ್ಡು ವಾಪಸ್ ಕೊಟ್ಟ ಮೇಲೂ ನೇಣೇ ಎಂಬುದು ಎರಡನೇ ಪ್ರಶ್ನೆ. ಮೋಸ ಮಾಡುವ ಉದ್ದೇಶದಿಂದ ಪತ್ರ ಸೃಷ್ಟಿಸಿದ ಗಳಿಗೆಯಲ್ಲೇ ಅಪರಾಧ ಪೂರ್ತಿಯಾಗುತ್ತದೆ, ಹಣ ಹಿಂದಿರುಗಿಸಿದರೆ ಅದು ಅಳಿಯುವುದಿಲ್ಲ. ಇಂದಿನ ಕಾನೂನಿನಲ್ಲೂ ಹಾಗೆಯೇ. ಇಂಗ್ಲೆಂಡಿನಲ್ಲಿ ಫೋರ್ಜರಿಗೆ ಕೊನೆಯ ನೇಣು 1829ರ ಕೊನೆಯ ದಿನ, 1837ರ ಹೊತ್ತಿಗೆ ಆ ಶಿಕ್ಷೆ ಪೂರ್ತಿ ಹೋಯಿತು.

ಮೂರನೆಯ ಪ್ರಶ್ನೆ ಸಾಮಾನ್ಯವಾಗಿ ಹಿಂದಿನ ಸಾಲಿನಿಂದ ಬರುತ್ತದೆ: ಈಗ ನಮ್ಮಲ್ಲಿ ಏನು ಶಿಕ್ಷೆ? ಚೀಟಿಯಲ್ಲಿ ಬರೆದುಕೊಂಡು ಹೋಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಫೋರ್ಜರಿಯ ವಿವರಣೆ 336ನೇ ಕಲಂ; ಸಾಲಪತ್ರ, ಉಯಿಲಿನಂಥ ಬೆಲೆಬಾಳುವ ದಸ್ತಾವೇಜಿನ ಫೋರ್ಜರಿಗೆ 338, ಜೀವಾವಧಿಯವರೆಗೆ ಅಥವಾ ಹತ್ತು ವರ್ಷದವರೆಗೆ ಸೆರೆ ಮತ್ತು ಜುಲ್ಮಾನೆ; ಸುಳ್ಳು ಪತ್ರವೆಂದು ತಿಳಿದೂ ನಿಜವೆಂದು ಬಳಸಿದರೆ 340. ಹಳೇ ದಂಡ ಸಂಹಿತೆಯ 467, 471 ಎಂದು ಹೇಳಿದರೆ ಹಿರಿಯ ವಕೀಲರು ತಲೆಯಾಡಿಸುತ್ತಾರೆ, ಕಿರಿಯರು ತಿದ್ದುತ್ತಾರೆ. ಎರಡೂ ಸಂಖ್ಯೆ ಕೈಯಲ್ಲಿರಲಿ.